ಜೇಬಿನೊಳಗಿನ ಬೆಳಕಿನ ಕೆರೆ

ಪ್ರವಾಸದಿಂದ ಮನೆಗೆ ಬಂದು, ಕಾಲು ಚಾಚಿ ಕುಳಿತು ಚಿತ್ರಗಳನ್ನು ನೋಡುವಾಗ ಬಹಳ ಜನರಿಗೆ ಒಂದು ಅನುಮಾನ ಹುಟ್ಟುತ್ತದೆ. ಅದೇ ಕ್ಯಾಮೆರಾ, ಅದೇ ಕೈ, ಅದೇ ದಿನ. ಬಯಲಲ್ಲಿ ತೆಗೆದ ಚಿತ್ರ ತೊಳೆದಿಟ್ಟ ಹಾಗಿದೆ. ಗುಡಿಯೊಳಗೆ ತೆಗೆದದ್ದು ಮಾತ್ರ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆಯೆ? ಕೈ ಅಲುಗಿತೆ? ಇನ್ನೂ ದುಡ್ಡು ಹಾಕಿ ಹೆಚ್ಚು ಮೆಗಾಪಿಕ್ಸೆಲ್ ಇರುವುದನ್ನು ಕೊಳ್ಳಬೇಕಿತ್ತೆ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ತಾಳಗುಂದಕ್ಕೆ ಹೋಗಿಬಂದ ಮೇಲೆ. ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಹತ್ತಿರದಲ್ಲಿರುವ ಈ ಹಳ್ಳಿ ಕದಂಬ ಮಯೂರಶರ್ಮನ ಊರು. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಕಲ್ಲುಕಂಬವಿದೆ. ಕ್ರಿ.ಶ. 450ರ ಆಸುಪಾಸಿನಲ್ಲಿ, ಶಾಂತಿವರ್ಮನ ಆಳ್ವಿಕೆಯಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಕದಂಬರ ಕಥೆ ಆ ಕಂಬದ ಮೈಮೇಲಿದೆ. ಸಾಲುಗಳು ಅಡ್ಡಡ್ಡ ಸಾಗದೆ ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಅಕ್ಷರಗಳ ನೆತ್ತಿಯಲ್ಲಿ ತಲೆಕಟ್ಟಿನ ಜಾಗಕ್ಕೆ ಪುಟ್ಟದೊಂದು ಚೌಕ ಪೆಟ್ಟಿಗೆ. ಹತ್ತಿರ ಹೋಗಿ ನೋಡಿದರೆ ಆ ಪೆಟ್ಟಿಗೆಗಳು ಎಳ್ಳಿನ ಸಾಲು ಜೋಡಿಸಿದ ಹಾಗೆ ಕಾಣುತ್ತವೆ.

ಮೂರು ಚಿತ್ರಗಳ ಒಗಟು

ನನ್ನ ಜೊತೆ ಬಂದಿದ್ದವಳು ಕಾಲೇಜಿಗೆ ಹೋಗುವ ಅಕ್ಕನ ಮಗಳು. ಕೈಯಲ್ಲಿದ್ದದ್ದು ಜೇಬಿಗೆ ಹಿಡಿಸುವ, 20 ಮೆಗಾಪಿಕ್ಸೆಲ್‌ನ, ಉದ್ದ ಜೂಮಿನ ಹಳೆಯ ಕ್ಯಾಮೆರಾ. ಅವಳು ತೆಗೆದ ಚಿತ್ರಗಳಲ್ಲಿ ಮೂರನ್ನು ಆರಿಸಿ ಮುಂದಿಟ್ಟಳು.

ಮೊದಲನೆಯದು ಕಂಬದ್ದು. ಬೆಳಗಿನ ಬಿಸಿಲು, ಸೂರ್ಯ ಬೆನ್ನ ಹಿಂದೆ. ಕಲ್ಲಿನ ಕಲೆ, ಪಾಚಿಯ ಗುರುತು ಎಲ್ಲವೂ ಸ್ಪಷ್ಟ. ಆದರೆ ಅಕ್ಷರಗಳೇ ಕಾಣುತ್ತಿಲ್ಲ! ಎರಡನೆಯದು ಗುಡಿಯ ಒಳಗಿನ ಕತ್ತಲಲ್ಲಿ ಬಾಗಿಲವಾಡದ ಚಿತ್ರ. ಅದರ ತುಂಬ ರವೆ. ಮೂರನೆಯದನ್ನು ಮಾರನೆಯ ದಿನ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ತೆಗೆದಿದ್ದಳು. ಮೋಡ ಕವಿದ ಸಂಜೆ, ಪೂರ್ತಿ ಜೂಮ್ ಎಳೆದು ಹಿಡಿದ ಬೆಳ್ಳಕ್ಕಿ. ಚಿತ್ರದಲ್ಲಿ ಉಳಿದದ್ದು ಹಿಂಜಿದ ಹತ್ತಿಯಂಥ ಬಿಳಿ ಗುರುತು.

“ಮಾವ, ಐವತ್ತು ಮೆಗಾಪಿಕ್ಸೆಲ್‌ದು ತಗೊಂಡ್ರೆ ಈ ಮೂರೂ ಸರಿಹೋಗುತ್ತಾ?”

ಒಂದೂ ಸರಿಹೋಗುವುದಿಲ್ಲ. ಮೂರೂ ಚಿತ್ರ ಸೋತದ್ದಕ್ಕೆ ಕಾರಣ ಬೇರೆ ಬೇರೆ ಎಂದು ತೋರಿದರೂ ಬುಡದಲ್ಲಿರುವುದು ಒಂದೇ ಲೆಕ್ಕ. ಆ ಲೆಕ್ಕ ತಿಳಿದರೆ ಪ್ರವಾಸಕ್ಕೆ, ಮನೆಬಳಕೆಗೆ ಎಂಥ ಕ್ಯಾಮೆರಾ ಬೇಕು ಎಂಬುದನ್ನು ಯಾರು ಬೇಕಾದರೂ ಸ್ವತಃ ತೀರ್ಮಾನಿಸಬಹುದು.

ಆ ಲೆಕ್ಕ ಹೇಳುವುದಕ್ಕೆ ತಾಳಗುಂದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಂಬದ ಶಾಸನ ಹುಟ್ಟಿದ್ದೇ ಒಂದು ಕೆರೆಯ ನೆಪದಲ್ಲಿ. ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಗುಡಿಯ ಬಳಿ ಕಟ್ಟಿಸಿದ ಕೆರೆಯನ್ನು ಅದು ನೆನೆಯುತ್ತದೆ. ಸುರಿದ ಮಳೆಯನ್ನು ಹಿಡಿದಿಡುವುದು ಕೆರೆಯ ಕೆಲಸ. ಸುರಿದ ಬೆಳಕನ್ನು ಹಿಡಿದಿಡುವುದು ಕ್ಯಾಮೆರಾದ ಕೆಲಸ.

ಅಂಗಳದ ತುಂಬ ಬಟ್ಟಲು

ಮಳೆಗಾಲದಲ್ಲಿ ಮನೆ ಮುಂದಿನ ಅಂಗಳದ ತುಂಬ ಒತ್ತೊತ್ತಾಗಿ ಬಟ್ಟಲು ಜೋಡಿಸಿದ್ದೀರಿ ಎಂದುಕೊಳ್ಳಿ. ಮಳೆ ಬಂದು ನಿಂತಿತು. ಯಾವ ಬಟ್ಟಲಿನಲ್ಲಿ ಎಷ್ಟು ನೀರಿದೆ ಎಂದು ಸಾಲಾಗಿ ಬರೆದುಕೊಂಡರೆ ಅಂಗಳದ ಯಾವ ಮೂಲೆಗೆ ಎಷ್ಟು ಮಳೆ ಬಿತ್ತು ಎಂಬ ನಕ್ಷೆ ಸಿಗುತ್ತದೆ. ಮಾವಿನ ಮರದ ಕೆಳಗಿನ ಬಟ್ಟಲುಗಳಲ್ಲಿ ನೀರು ಕಡಿಮೆ ಇರುತ್ತದೆ. ಆ ಅಂಕೆಗಳನ್ನಷ್ಟೇ ನೋಡಿ ಮರದ ಆಕಾರವನ್ನು ಬಿಡಿಸಬಹುದು.

ಡಿಜಿಟಲ್ ಕ್ಯಾಮೆರಾ ಮಾಡುವುದು ಇಷ್ಟನ್ನೇ. ಲೆನ್ಸಿನ ಹಿಂದೆ ಸಿಲಿಕಾನ್‌ನ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಕ್ಯಾಮೆರಾದವರು ಸೆನ್ಸರ್ ಎನ್ನುವ ಅದನ್ನು ನಾವು ಬೆಳಕಂಗಳ ಎಂದು ಕರೆಯೋಣ. ಅದರ ಮೇಲೆ ಲಕ್ಷಾಂತರ ಬಟ್ಟಲುಗಳಿರುತ್ತವೆ. ಒಂದೊಂದು ಬಟ್ಟಲೂ ಒಂದು ಪಿಕ್ಸೆಲ್. ಹತ್ತು ಲಕ್ಷ ಬಟ್ಟಲಿದ್ದರೆ ಒಂದು ಮೆಗಾಪಿಕ್ಸೆಲ್. ಬೆಳಕು ಬಿದ್ದಾಗ ಬಟ್ಟಲಿನಲ್ಲಿ ವಿದ್ಯುತ್ ಕಣಗಳು ತುಂಬಿಕೊಳ್ಳುತ್ತವೆ. ಎಂಜಿನಿಯರುಗಳೂ ಇದನ್ನು ನೀರಿನ ಭಾಷೆಯಲ್ಲೇ ಹೇಳುತ್ತಾರೆ. ಬಟ್ಟಲು ಎಷ್ಟು ಹಿಡಿಸೀತು ಎಂಬುದಕ್ಕೆ ಅವರ ಹೆಸರು ‘ಬಾವಿಯ ಅಳತೆ’.

ಇಂಥ ಬಟ್ಟಲುಗಳ ಮೊದಲ ಸಾಲನ್ನು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. 2009ರಲ್ಲಿ ಅವರಿಗೆ ಅದಕ್ಕಾಗಿ ನೊಬೆಲ್ ಬಂತು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಅದರ ಬಟ್ಟಲುಗಳು ಕೇವಲ 10,000. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು.

ಬಟ್ಟಲುಗಳ ಸಂಖ್ಯೆ ಹೆಚ್ಚಿದಷ್ಟೂ ನಕ್ಷೆ ನಾಜೂಕಾಗುತ್ತದೆ, ನಿಜ. ಆದರೆ ಎಷ್ಟು ಸಾಕು? ಆಲ್ಬಮ್ಮಿಗೆ ಹಾಕುವ 4x6 ಅಂಗುಲದ ಪ್ರಿಂಟಿಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು. ಎ4 ಹಾಳೆಯಷ್ಟು ದೊಡ್ಡದಕ್ಕೆ 9ರ ಒಳಗೆ. ಅಂಗಡಿಯಲ್ಲಿ ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕೆ ನಮ್ಮ ಅಗತ್ಯವನ್ನು ದಾಟಿ ಎಷ್ಟೋ ವರ್ಷವಾಯಿತು.

ಮಳೆ ಅಳೆದು ಸುರಿಯುವುದಿಲ್ಲ

ಹಾಗಾದರೆ ರವೆ ಎಲ್ಲಿಂದ ಬಂತು?

ಮಳೆ ಹನಿಹನಿಯಾಗಿ ಬೀಳುತ್ತದೆ. ಬೆಳಕೂ ಹಾಗೆಯೇ. ಬೆಳಕು ಕಣಕಣವಾಗಿ ವರ್ತಿಸುತ್ತದೆ ಎಂಬ ವಿಚಾರವನ್ನು ಐನ್‌ಸ್ಟೈನ್ 1905ರಲ್ಲಿ ಮುಂದಿಟ್ಟರು. ಪ್ರತಿಯೊಂದು ಪಿಕ್ಸೆಲ್ಲೂ ನಿಜಕ್ಕೂ ಬೆಳಕಿನ ಹನಿಗಳನ್ನು ಎಣಿಸುತ್ತಿರುತ್ತದೆ. ಹನಿಗಳಿಗೆ ಸರದಿ ಸಾಲು ಗೊತ್ತಿಲ್ಲ. ಒಂದೇ ಸಮ ಸುರಿಯುವ ಸೋನೆಯಲ್ಲೂ ಅಕ್ಕಪಕ್ಕದ ಎರಡು ಬಟ್ಟಲಿಗೆ ಸರಿಸಮ ಹನಿ ಬೀಳುವುದಿಲ್ಲ. ಒಂದರಲ್ಲಿ ನಾಲ್ಕು ಹೆಚ್ಚು, ಇನ್ನೊಂದರಲ್ಲಿ ಆರು ಕಡಿಮೆ.

ಈ ಏರುಪೇರಿಗೆ ಒಂದು ಗಟ್ಟಿ ನಿಯಮವಿದೆ. ಬಟ್ಟಲಿಗೆ ಸರಾಸರಿ 100 ಹನಿ ಬೀಳುವ ಕಡೆ ಏರುಪೇರು 10ರಷ್ಟಿರುತ್ತದೆ. 10,000 ಹನಿ ಬೀಳುವ ಕಡೆ 100ರಷ್ಟು. ಹನಿ ನೂರು ಪಟ್ಟು ಹೆಚ್ಚಿತು, ಏರುಪೇರು ಹತ್ತೇ ಪಟ್ಟು ಹೆಚ್ಚಿತು. ಮೊದಲ ಕಡೆ ಅದು ನೂರಕ್ಕೆ ಹತ್ತು ಪಾಲು, ಎರಡನೆಯ ಕಡೆ ನೂರಕ್ಕೆ ಒಂದೇ ಪಾಲು.

ಈಗ ಶಾಸನದ ಅಕ್ಷರಕ್ಕೆ ಬನ್ನಿ. ಉಳಿ ಕೊರೆದ ಗೀಟಿನೊಳಗೆ ನೆರಳಿರುತ್ತದೆ. ಆ ನೆರಳು ಸುತ್ತಲ ಕಲ್ಲಿಗಿಂತ ನೂರಕ್ಕೆ ಹತ್ತು ಪಾಲು ಕಪ್ಪಾಗಿದೆ ಎನ್ನೋಣ. ಮಬ್ಬುಗತ್ತಲಲ್ಲಿ ಕಲ್ಲಿನ ಪಿಕ್ಸೆಲ್ಲಿಗೆ 100 ಹನಿ, ಗೀಟಿನ ಪಿಕ್ಸೆಲ್ಲಿಗೆ 90 ಹನಿ. ನಡುವಿನ ಅಂತರ 10. ಏರುಪೇರೂ 10! ಯಾವುದು ಗೀಟು, ಯಾವುದು ಬರೀ ಏರುಪೇರು ಎಂದು ಹೇಳಲಾಗದು. ಅಕ್ಷರ ರವೆಯಲ್ಲಿ ಕರಗಿಹೋಯಿತು. ಧಾರಾಳ ಬೆಳಕಿನಲ್ಲಿ ಕಲ್ಲಿಗೆ 10,000 ಹನಿ, ಗೀಟಿಗೆ 9,000. ಅಂತರ 1,000, ಏರುಪೇರು 100. ಅಕ್ಷರ ಎದ್ದು ನಿಲ್ಲುತ್ತದೆ.

ಈ ಬರಹದಲ್ಲಿ ನೆನಪಿಡಬೇಕಾದ ಮಾತು ಇದೊಂದೇ. ಪಕ್ಕಪಕ್ಕದ ಬಟ್ಟಲುಗಳ ನಡುವಿನ ಅಂತರ ಹನಿಗಳ ಏರುಪೇರಿಗಿಂತ ದೊಡ್ಡದಿದ್ದರೆ ಚಿತ್ರ ಕಾಣುತ್ತದೆ, ಚಿಕ್ಕದಿದ್ದರೆ ಮುಳುಗುತ್ತದೆ.

ಉರಿಬಿಸಿಲಿಗೂ ದೀಪದ ಬೆಳಕಿನ ಗುಡಿಗೂ ಇರುವ ವ್ಯತ್ಯಾಸ ಸುಮಾರು ಹತ್ತು ಸಾವಿರ ಪಟ್ಟು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಅದು ಅಷ್ಟು ಕತ್ತಲೆಂದು ನಮಗೆ ಅನ್ನಿಸುವುದೇ ಇಲ್ಲ. ಬಟ್ಟಲಿಗೆ ಗೊತ್ತಾಗುತ್ತದೆ.

ತೊಗರಿಬೇಳೆ ಮತ್ತು ಹುಣಸೆಬೀಜ

ಹನಿ ಹೆಚ್ಚು ಬೇಕಾದರೆ ಅಂಗಳ ದೊಡ್ಡದಿರಬೇಕು. ಅದೇ ಅಂಗಳದಲ್ಲಿ ದೊಡ್ಡ ಬಟ್ಟಲು ತೆಗೆದು ಚಿಕ್ಕಚಿಕ್ಕವನ್ನು ಹೆಚ್ಚು ತುಂಬಿದರೆ ಒಟ್ಟು ನೀರು ಹನಿಯಷ್ಟೂ ಹೆಚ್ಚುವುದಿಲ್ಲ. ಒಂದೊಂದು ಬಟ್ಟಲಿನ ಪಾಲು ಮಾತ್ರ ಇಳಿಯುತ್ತದೆ. ಐವತ್ತು ಮೆಗಾಪಿಕ್ಸೆಲ್ ಕೊಂಡರೆ ರವೆ ಹೋಗದು ಎಂದದ್ದು ಇದಕ್ಕೇ.

ಸಾಮಾನ್ಯ ಜೇಬು ಕ್ಯಾಮೆರಾದ ಬೆಳಕಂಗಳ ಸುಮಾರು 6 ಮಿಲಿಮೀಟರ್ ಉದ್ದ, ನಾಲ್ಕೂವರೆ ಮಿಲಿಮೀಟರ್ ಅಗಲ. ಹೆಚ್ಚುಕಡಿಮೆ ಒಂದು ತೊಗರಿಬೇಳೆ. ಅದರ ಮೇಲೆ 2 ಕೋಟಿ ಬಟ್ಟಲು ಇಟ್ಟರೆ ಒಂದೊಂದರ ಅಗಲ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು. ಒಂದು ತಲೆಗೂದಲ ದಪ್ಪದಲ್ಲಿ ಐವತ್ತಕ್ಕೂ ಹೆಚ್ಚು ಬಟ್ಟಲು ಸಾಲಾಗಿ ಕೂರುತ್ತವೆ!

ಇದಕ್ಕಿಂತ ದೊಡ್ಡದು ‘ಒಂದು ಇಂಚಿನ ಸೆನ್ಸರ್’. ಹೆಸರು ಹಳೆಯ ಟಿವಿ ಕ್ಯಾಮೆರಾ ಕೊಳವೆಗಳ ಕಾಲದ ಲೆಕ್ಕದಿಂದ ಬಂದದ್ದು. ನಿಜವಾದ ಅಳತೆ 13.2 x 8.8 ಮಿಲಿಮೀಟರ್, ಒಂದು ಹುಣಸೆಬೀಜದಷ್ಟು. ತೊಗರಿಬೇಳೆಯ ನಾಲ್ಕು ಪಟ್ಟು ಅಂಗಳ. 2012ರಲ್ಲಿ ಸೋನಿ ಕಂಪನಿ ಆರ್‌ಎಕ್ಸ್100 ಎಂಬ ಮಾದರಿಯಲ್ಲಿ ಈ ಹುಣಸೆಬೀಜವನ್ನು ಕಾಲು ಕಿಲೋ ಒಳಗಿನ, ಅಂಗಿ ಜೇಬಿಗೆ ಇಳಿಯುವ ಕ್ಯಾಮೆರಾದಲ್ಲಿ ಕೂರಿಸಿತು. ಜೇಬು ಕ್ಯಾಮೆರಾಗಳ ಕಥೆಯಲ್ಲಿ ಅದೊಂದು ತಿರುವು. ಮದುವೆಮನೆಗಳಲ್ಲಿ ಕಾಣುವ ದೊಡ್ಡ ಕ್ಯಾಮೆರಾಗಳಲ್ಲಿ ಅಂಗಳ 36 x 24 ಮಿಲಿಮೀಟರ್‌ವರೆಗೂ ಇರುತ್ತದೆ. ಅಂಚೆಚೀಟಿಯಷ್ಟಾಯಿತು. ಅದು ಬೇಳೆಯ 30 ಪಟ್ಟು ದೊಡ್ಡದು. ಅದಕ್ಕೆ ತಕ್ಕ ಲೆನ್ಸೂ ಬೇಕು, ಹೊರುವುದಕ್ಕೆ ಚೀಲವೂ ಬೇಕು.

ಅಂಗಳದಷ್ಟೇ ಮುಖ್ಯ ಬೆಳಕು ಒಳಬರುವ ಬಾಯಿ. ಲೆನ್ಸಿನ ಸುತ್ತ ‘ಎಫ್’ ಅಕ್ಷರದೊಂದಿಗೆ ಬರೆದಿರುವ ಅಂಕೆ ಅದರದ್ದು. ಅಂಕೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 4 ಇದ್ದದ್ದು 2 ಆದರೆ ಒಳಬರುವ ಬೆಳಕು ನಾಲ್ಕು ಪಟ್ಟು. ಮೂರನೆಯದು ಸಮಯ. ಮಳೆಯಲ್ಲಿ ಬಟ್ಟಲನ್ನು ಎಷ್ಟು ಹೊತ್ತು ಇಟ್ಟಿರಿ ಎಂಬ ಲೆಕ್ಕ. ಅಂಗಳ, ಬಾಯಿ, ಹೊತ್ತು. ಹನಿ ಕೂಡಿಸಲು ಇರುವ ದಾರಿ ಈ ಮೂರೇ.

ಭದ್ರಾವತಿ ಆಕಾಶವಾಣಿಯ ದನಿ

“ಐಎಸ್‌ಒ ಜಾಸ್ತಿ ಮಾಡಿದ್ನಲ್ಲ ಮಾವ, ಚಿತ್ರ ಬೆಳ್ಳಗಾಯ್ತು. ಆದ್ರೂ ರವೆ ಹೋಗ್ಲಿಲ್ಲ.”

ನಮ್ಮ ಕಡೆಯ ಹಳಬರಿಗೆ ಈ ಅನುಭವ ರೇಡಿಯೋದಿಂದ ಗೊತ್ತಿದೆ. ಗುಡ್ಡದ ಮರೆಯ ಊರಿನಲ್ಲಿ ಭದ್ರಾವತಿ ಆಕಾಶವಾಣಿ ಕ್ಷೀಣವಾಗಿ ಸಿಗುತ್ತಿದ್ದಾಗ ವಾಲ್ಯೂಮ್ ತಿರುಗಿಸುತ್ತಿದ್ದೆವು. ಹಾಡು ದೊಡ್ಡದಾಗುತ್ತಿತ್ತು, ಜೊತೆಗೆ ಗೊರಗೊರ ಸದ್ದೂ ದೊಡ್ಡದಾಗುತ್ತಿತ್ತು. ಐಎಸ್‌ಒ ಎಂಬುದು ಕ್ಯಾಮೆರಾದ ವಾಲ್ಯೂಮ್ ತಿರುಪು. ಬಿದ್ದ 100 ಹನಿಯನ್ನು ಅದು 1,000 ಎಂದು ತೋರಿಸುತ್ತದೆ. 10ರ ಏರುಪೇರನ್ನೂ 100 ಮಾಡಿ ತೋರಿಸುತ್ತದೆ. ಹೊಸದಾಗಿ ಒಂದು ಹನಿಯನ್ನೂ ತರುವುದಿಲ್ಲ.

ಗುಡವಿಯ ಬೆಳ್ಳಕ್ಕಿ

ಗುಡವಿಯಲ್ಲಿ ಹಕ್ಕಿಗಳು ಕೆರೆಯೊಳಗಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅವು ತುಂಬಿರುವ ಕಾಲ ಮಳೆಗಾಲ, ಅಂದರೆ ಮಲೆನಾಡಿನಲ್ಲಿ ಬೆಳಕು ಅತಿ ಕಡಿಮೆ ಇರುವ ಕಾಲ. ನಾವು ನಿಲ್ಲುವುದು ದೂರದ ದಂಡೆಯ ಮೇಲೆ. ಉದ್ದ ಜೂಮ್ ಬೇಕೇಬೇಕು ಎನ್ನಿಸುವುದು ಅಲ್ಲಿಯೇ.

ನಮ್ಮ ಕ್ಯಾಮೆರಾದ ಜೂಮ್ 30 ಪಟ್ಟಿನದು. ಅಷ್ಟು ಉದ್ದದ ಜೂಮು ಜೇಬಿನಲ್ಲಿ ಹಿಡಿಸಬೇಕಾದರೆ ಬೆಳಕಂಗಳ ತೊಗರಿಬೇಳೆಯಷ್ಟೇ ಇರಬೇಕು. ಅಂಗಳ ದೊಡ್ಡದಾದರೆ ಲೆನ್ಸೂ ಅದೇ ಪ್ರಮಾಣದಲ್ಲಿ ಉದ್ದ, ದಪ್ಪ ಆಗುತ್ತದೆ. ಇದು ಮೊದಲ ನಷ್ಟ. ಜೂಮ್ ಪೂರ್ತಿ ಎಳೆದಾಗ ಎಫ್ ಅಂಕೆ 3.3ರಿಂದ 6ರ ಆಚೆಗೆ ಏರುತ್ತದೆ. ಬೆಳಕು ಹತ್ತಿರ ಹತ್ತಿರ ಕಾಲುಪಾಲಿಗೆ ಇಳಿಯುತ್ತದೆ. ಇದು ಎರಡನೆಯ ನಷ್ಟ. ಹಾರುವ ರೆಕ್ಕೆಯನ್ನು ಹಿಡಿದು ನಿಲ್ಲಿಸಬೇಕಾದರೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟೇ ಹೊತ್ತು ಬಾಯಿ ತೆರೆಯಬೇಕು. ಇದು ಮೂರನೆಯದು. ಮೇಲೆ ಮೋಡ. ಅಂಗಳ ಕಿರಿದು, ಬಾಯಿ ಕಿರಿದು, ಹೊತ್ತು ಕಡಿಮೆ, ಮಳೆಯೇ ಕ್ಷೀಣ! ಬಟ್ಟಲಿಗೆ ಬಿದ್ದ ಹನಿ ಬೆರಳೆಣಿಕೆಯಷ್ಟು. ಕ್ಯಾಮೆರಾ ಆ ರವೆಯನ್ನು ಒರೆಸಲು ಹೋಗಿ ಗರಿಗಳನ್ನೂ ಒರೆಸಿಹಾಕಿತು. ಉಳಿದದ್ದು ಹತ್ತಿಯ ಗುರುತು.

ಹಾಗೆಂದು ಉದ್ದ ಜೂಮ್ ವ್ಯರ್ಥವೆನ್ನಲಾರೆ. ತಾಳಗುಂದದ ನೆರೆಯ ಬಳ್ಳಿಗಾವಿಯಲ್ಲಿ 1060ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬವಿದೆ. ಸುಮಾರು 30 ಅಡಿ ಎತ್ತರದ ಆ ಕಂಬದ ತುದಿಯ ಶಿಲ್ಪವನ್ನು ಇದೇ ಕ್ಯಾಮೆರಾ ಒಳ್ಳೆಯ ಬಿಸಿಲಿನಲ್ಲಿ ಹಲ್ಲು ಎಣಿಸುವಷ್ಟು ಚೆನ್ನಾಗಿ ಹಿಡಿಯಿತು. ಅಲ್ಲಿ ಬೆಳಕಿತ್ತು, ಕಲ್ಲು ಕದಲುವುದಿಲ್ಲ.

ಫೋನು ಗೆದ್ದದ್ದು ಹೇಗೆ

2010ರಲ್ಲಿ ಜಗತ್ತಿನ ಕ್ಯಾಮೆರಾ ಕಂಪನಿಗಳು 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು. ಅದರಲ್ಲಿ ಬಹುಪಾಲು ಜೇಬು ಕ್ಯಾಮೆರಾಗಳೇ. ಹತ್ತು ವರ್ಷದೊಳಗೆ ಫೋನು ಆ ಮಾರುಕಟ್ಟೆಯನ್ನು ನುಂಗಿತು. ಫೋನಿನ ಅಂಗಳವೂ ಕಿರಿದೇ. ಆದರೆ ಅದು ಒಂದೇ ಸಲ ಬಟ್ಟಲಿಟ್ಟು ಸುಮ್ಮನಾಗುವುದಿಲ್ಲ. ಗುಂಡಿ ಒತ್ತಿದ ಕ್ಷಣದಲ್ಲಿ ಹತ್ತಾರು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ಹನಿಗಳನ್ನು ಕೂಡಿಸುತ್ತದೆ. ಚಿಕ್ಕ ಚೆಂಬಿನಲ್ಲಿ ಹತ್ತು ಸಲ ಮೊಗೆದು ಹಂಡೆ ತುಂಬಿಸಿದ ಹಾಗೆ.

ಕದಲದ ವಸ್ತುವಿಗೆ ಈ ಉಪಾಯ ಸೊಗಸಾಗಿ ನಡೆಯುತ್ತದೆ. ಓಡುವ ಮಗು, ಕುಣಿಯುವ ಕಲಾವಿದ, ಹಾರುವ ಹಕ್ಕಿ ಎದುರಿಗಿದ್ದರೆ ಹತ್ತು ಚಿತ್ರವೂ ಹತ್ತು ರೀತಿ. ಹೊಂದಿಸಲು ಬರುವುದಿಲ್ಲ. ಅಲ್ಲಿ ಒಂದೇ ಗುಟುಕಿಗೆ ಹೆಚ್ಚು ಬೆಳಕು ಕುಡಿಯುವ ದೊಡ್ಡ ಅಂಗಳವೇ ಗೆಲ್ಲುತ್ತದೆ.

ಕಂಬದ ಅಕ್ಷರ ಎಲ್ಲಿ ಹೋಯಿತು?

ಮೊದಲ ಚಿತ್ರದ ಒಗಟು ಹಾಗೇ ಉಳಿದಿದೆ. ಬಿಸಿಲು ಧಾರಾಳವಾಗಿತ್ತು, ಹನಿಗಳಿಗೆ ಬರವಿರಲಿಲ್ಲ. ಆದರೂ ಅಕ್ಷರ ಕಾಣಲಿಲ್ಲ.

ನಮ್ಮ ಲೆಕ್ಕದಲ್ಲಿ ಎರಡು ಪಕ್ಷಗಳಿವೆ, ಅಂತರ ಮತ್ತು ಏರುಪೇರು. ಕತ್ತಲಲ್ಲಿ ಏರುಪೇರು ದೊಡ್ಡದಾಗಿ ಅಕ್ಷರ ಮುಳುಗಿತು. ಇಲ್ಲಿ ಅಂತರವೇ ಇರಲಿಲ್ಲ. ಸೂರ್ಯ ಬೆನ್ನ ಹಿಂದಿರಲಿ ಎಂಬುದು ಫೋಟೋ ತೆಗೆಯುವವರ ಹಳೆಯ ಪಾಠ. ಮನುಷ್ಯರ ಮುಖಕ್ಕೆ ಅದು ಸರಿ, ಶಾಸನಕ್ಕೆ ಹೊಂದುವುದಿಲ್ಲ. ನೇರವಾಗಿ ಎದುರಿನಿಂದ ಬಿದ್ದ ಬಿಸಿಲು ಉಳಿಗೀಟಿನ ತಳಕ್ಕೂ ಹೋಗಿ ನೆರಳನ್ನು ಅಳಿಸಿಬಿಡುತ್ತದೆ. ಕಲ್ಲಿಗೆ 10,000 ಹನಿ, ಗೀಟಿಗೂ 9,950. ಅಂತರ 50, ಏರುಪೇರು 100. ಕಲ್ಲಿನ ಕಲೆ, ಪಾಚಿಯ ಬಣ್ಣ ಇವುಗಳ ಅಂತರ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಅವೇ ಮುಂದೆ ಬಂದವು.

ಕಂಬಕ್ಕೆ ಎಂಟು ಮುಖ ಇರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಬಿಸಿಲು ನೇರವಾಗಿ ಬಿದ್ದ ಮುಖದಿಂದ ಪಕ್ಕಕ್ಕೆ ಎರಡು ಮುಖ ದಾಟಿದರೆ ಅಲ್ಲಿ ಬೆಳಕು ಕಲ್ಲನ್ನು ಸವರಿಕೊಂಡು ಹೋಗುತ್ತಿರುತ್ತದೆ. ಅಲ್ಲಿ ಒಂದೊಂದು ಗೀಟಿನ ಅಂಚೂ ತನ್ನ ನೆರಳನ್ನು ತಾನೇ ಚೆಲ್ಲಿಕೊಳ್ಳುತ್ತದೆ. ನಾವು ಮತ್ತೆ ಅಲ್ಲಿಗೆ ಹೋದಾಗ ಕೈಯಲ್ಲಿದ್ದದ್ದು ಅದೇ ಹಳೆಯ ಕ್ಯಾಮೆರಾ, ಅದೇ ತೊಗರಿಬೇಳೆ. ಪೆಟ್ಟಿಗೆ ತಲೆಯ ಅಕ್ಷರಗಳು ಒಂದೊಂದಾಗಿ ಕಲ್ಲಿನಿಂದ ಮೇಲೆದ್ದು ಬಂದಾಗ ನಮ್ಮಿಬ್ಬರಿಗೂ ಮೈ ಜುಮ್ಮೆಂದಿತು. ಶಾಸನ ಓದುವವರು ಕನ್ನಡಿಯಿಂದ ಬಿಸಿಲು ಹಾಯಿಸುವುದೂ, ಕತ್ತಲಲ್ಲಿ ಬದಿಯಿಂದ ಟಾರ್ಚ್ ಹಿಡಿಯುವುದೂ ಇದೇ ಕಾರಣಕ್ಕೆ. ಯಾವ ಬೆಲೆಯ ಕ್ಯಾಮೆರಾವೂ ಇಲ್ಲದ ನೆರಳನ್ನು ಹುಟ್ಟಿಸಲಾರದು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಸೆನ್ಸರಿನ ಅಳತೆ, ಮಿಲಿಮೀಟರಿನಲ್ಲಿ. ಆಮೇಲೆ ಜೂಮಿನ ಎರಡೂ ತುದಿಯ ಎಫ್ ಅಂಕೆ. ಆಮೇಲೆ ಕೈನಡುಕ ತಡೆಯುವ ವ್ಯವಸ್ಥೆ ಇದೆಯೆ ಎಂಬುದು. ಮೆಗಾಪಿಕ್ಸೆಲ್ ಕೊನೆಗೆ. ಅಲ್ಲೇ ಮೇಜಿನ ಕೆಳಗಿನ ಕತ್ತಲ ಮೂಲೆಯ ಚಿತ್ರ ತೆಗೆದು, ಹಿಗ್ಗಿಸಿ ನೋಡಿ. ಅಂಗಡಿಯ ಹೊರಗಿನ ಬಿಸಿಲಿನಲ್ಲಿ ಎಲ್ಲ ಕ್ಯಾಮೆರಾವೂ ಒಳ್ಳೆಯದೇ.

ನನ್ನ ತೀರ್ಮಾನ ಇಷ್ಟು. ಹಗಲಿನ ಊರು, ಬಯಲು, ಮನೆಮಂದಿಯ ಚಿತ್ರಗಳಿಗೆ ಕೈಯಲ್ಲಿರುವ ಫೋನೇ ಸಾಕು, ಅದಕ್ಕಾಗಿ ಬೇರೆ ಖರ್ಚು ಬೇಡ. ಗುಡಿಯ ಒಳಗು, ಸಂಜೆಯ ಜಾತ್ರೆ, ರಾತ್ರಿಯ ಆಟ ನಿಮ್ಮ ಆಸಕ್ತಿಯಾದರೆ ಜೂಮ್ ಮೂರು ಪಟ್ಟಿದ್ದರೂ ಸರಿ, ಒಂದು ಇಂಚಿನ ಸೆನ್ಸರಿನ ಪುಟ್ಟ ಕ್ಯಾಮೆರಾ ಕೊಳ್ಳಿ. ಬಿಸಿಲಿನಲ್ಲಿ ದೂರದ ಹಕ್ಕಿ, ಎತ್ತರದ ಶಿಲ್ಪ ನೋಡುವವರಿಗೆ ಉದ್ದ ಜೂಮಿನದು. ಮೋಡದ ದಿನದ ಹಾರುವ ಹಕ್ಕಿ ಬೇಕೆನ್ನುವವರು ಜೇಬಿನ ಆಸೆ ಬಿಟ್ಟು ಚೀಲ ಹೊರಬೇಕು.

ಇರುವ ಕ್ಯಾಮೆರಾದಲ್ಲೇ ಹೊತ್ತನ್ನು ಹೆಚ್ಚಿಸುವುದಕ್ಕೆ ಕಾಸು ಬೇಕಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಅನುಮತಿ ಬೇಕು. ಕೈಚೀಲ ಮಡಿಸಿ ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಐಎಸ್‌ಒ ಇಳಿಸಿ, 2 ಸೆಕೆಂಡಿನ ಟೈಮರ್ ಹಾಕಿ ಕೈ ಬಿಡಿ. ಬಾಗಿಲವಾಡದ ಚಿತ್ರವನ್ನು ಅಕ್ಕನ ಮಗಳು ಎರಡನೆಯ ಸಲ ಹಾಗೆಯೇ ತೆಗೆದಳು. ರವೆ ಇರಲಿಲ್ಲ. ಹೊಸ ಕ್ಯಾಮೆರಾದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ತಾಳಗುಂದದ ನೆಲ ಇನ್ನೂ ಮಾತಾಡುತ್ತಿದೆ. 2013ರ ಉತ್ಖನನದಲ್ಲಿ ಅಲ್ಲಿ ಸಿಕ್ಕ ಸಿಂಹಕಟಾಂಜನ (ಸಿಂಹ ಕೆತ್ತಿದ ಕಟಕಟೆ) ಶಾಸನವನ್ನು ಪುರಾತತ್ತ್ವ ಇಲಾಖೆ ಕ್ರಿ.ಶ. 370ರ ಕಾಲದ್ದೆಂದು ಗುರುತಿಸಿದೆ. ಹಾಗಾದರೆ ಅದು ಹಲ್ಮಿಡಿ ಶಾಸನಕ್ಕಿಂತ ಹಿಂದಿನ ಕನ್ನಡ. ಇಂಥ ಕಲ್ಲುಗಳ ಮುಂದೆ ನಿಂತಾಗ ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕಬೇಡಿ, ಹಿಟ್ಟು ಎರಚಬೇಡಿ, ಎಣ್ಣೆ ಸವರಬೇಡಿ. ಬದಿಯಿಂದ ಬೀಳುವ ಬೆಳಕು ಸಾಕು. ಅದಕ್ಕಾಗಿ ಒಂದು ಗಂಟೆ ಕಾಯಿರಿ, ಇಲ್ಲವೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ.